ತಂದೆಯ ಹೆಸರಿನ ವಿದ್ಯಾರ್ಥಿವೇತನ: ಊರಿನ ಹೈಸ್ಕೂಲಿನಲ್ಲಿ ದತ್ತಿ ಇಡುವ ಮೊದಲು

ಪ್ರಶ್ನೆ: ನಮ್ಮ ತಂದೆ ಹಾಸನ ಜಿಲ್ಲೆಯ ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಕಳೆದ ವರ್ಷ ತೀರಿಕೊಂಡರು. ಅವರ ಹೆಸರಿನಲ್ಲಿ ಪ್ರತಿ ವರ್ಷ ಆ ಶಾಲೆಯಿಂದ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದವರಿಗೆ ವಿದ್ಯಾರ್ಥಿವೇತನ ಕೊಡಬೇಕೆಂದು ನಾನೂ ಅಕ್ಕನೂ ಸೇರಿ 6 ಲಕ್ಷ ರೂಪಾಯಿ ಹೊಂದಿಸಿದ್ದೇವೆ. ಅಮೆರಿಕದ ಪೌರನಾಗಿರುವ ತಮ್ಮನೂ ಹಣ ಕಳಿಸುತ್ತೇನೆ ಎನ್ನುತ್ತಿದ್ದಾನೆ. ಹಣವನ್ನು ಶಾಲೆಯ ಹೆಸರಿನಲ್ಲಿ ಠೇವಣಿ ಇಟ್ಟುಬಿಡೋಣವೇ, ಇಲ್ಲ ಟ್ರಸ್ಟ್ ಮಾಡಬೇಕೇ?

ಉತ್ತರ: ಈಗಲೇ ಎರಡೂ ಬೇಡ. ಮೊದಲ ಎರಡು ವರ್ಷ ಹಣವನ್ನು ಮನೆಯವರ ಹೆಸರಿನಲ್ಲೇ ಬ್ಯಾಂಕಿನಲ್ಲಿಟ್ಟುಕೊಂಡು, ಬರೆದಿಟ್ಟ ನಿಯಮದ ಪ್ರಕಾರ ಕೊಟ್ಟು ನೋಡಿ. ಆಮೇಲೆ ಇಡುಗಂಟನ್ನು ಒಂದು ಸಂಸ್ಥೆಗೆ ಒಪ್ಪಿಸುವ ಮಾತು. ಅದಕ್ಕಿಂತ ಮುಖ್ಯವಾಗಿ, ‘ಮೊದಲು ಬಂದವರಿಗೆ’ ಎಂಬ ಷರತ್ತನ್ನು ಇನ್ನೊಮ್ಮೆ ಯೋಚಿಸಿ. ದತ್ತಿ ಎಲ್ಲಿಡಬೇಕು ಎಂದು ಕೇಳುವವರು ಬಹಳ. ಯಾವ ಮಗುವಿಗೆ, ಯಾವ ತಿಂಗಳಲ್ಲಿ ಹಣ ಕೈಸೇರಬೇಕು ಎಂದು ಕೇಳುವವರು ಕಡಿಮೆ. ನಿಮ್ಮ ತಂದೆಯವರ ಹೆಸರು ಉಳಿಯುವುದೋ ಅಳಿಯುವುದೋ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ.

ಶಾಲೆಗೆ ಮೊದಲು ಬಂದ ಮಗು ಹೇಗೂ ಮುಂದೆ ಓದುತ್ತದೆ. ಖಾಸಗಿ ಪಿಯು ಕಾಲೇಜಿನವರು ಶುಲ್ಕ ಇಳಿಸಿ ತಾವೇ ಕರೆಯುತ್ತಾರೆ. ಪಂಚಾಯಿತಿ, ಸಮುದಾಯದ ಸಂಘ, ಹಳೆ ವಿದ್ಯಾರ್ಥಿಗಳ ಸಂಘ ಎಲ್ಲವೂ ಅದೇ ಮಗುವಿಗೆ ಶಾಲು ಹೊದಿಸುತ್ತವೆ. ಅದೇ ತರಗತಿಯಲ್ಲಿ 400 ಅಂಕ ತೆಗೆದು, ಮನೆಯಲ್ಲಿ ಅಮ್ಮನೊಬ್ಬಳೇ ದುಡಿಯುವ ಹುಡುಗ ಜೂನ್ ಹೊತ್ತಿಗೆ ಬೆಂಗಳೂರಿನ ಬೇಕರಿಗೋ ಗಾರ್ಮೆಂಟ್ಸ್‌ಗೋ ಹೊರಟುಬಿಡುತ್ತಾನೆ. ಸಣ್ಣ ದತ್ತಿಯೊಂದು ನಿಜವಾಗಿ ತಡೆಯಬಲ್ಲದ್ದು ಈ ಹೊರಡುವಿಕೆಯನ್ನು. ಮೇಲಿನ ಹಂತದಲ್ಲಿ ದೊಡ್ಡ ನೆರವುಗಳಿವೆ. ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಸರ್ಕಾರಿ ಶಾಲೆಗಳಲ್ಲಿ ಓದಿ ಪದವಿ, ಡಿಪ್ಲೊಮಾ ಸೇರುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಹತ್ತನೇ ತರಗತಿ ಮುಗಿಸಿದವರಿಗಾಗಿ ವಿದ್ಯಾಧನ್ ಇದೆ, ಆದರೆ ಅದು ಬಹಳ ಹೆಚ್ಚು ಅಂಕ ಪಡೆದವರಿಗೆ. ಸಾಧಾರಣ ಅಂಕದ ಬಡ ಮಗುವಿಗೆ ಪಿಯು, ಐಟಿಐ ಅಥವಾ ಪಾಲಿಟೆಕ್ನಿಕ್ ಸೇರುವ ಮೊದಲ ವರ್ಷವೇ ಕಷ್ಟದ ವರ್ಷ. ನಿಮ್ಮ ಹಣ ಅಲ್ಲಿಗೆ ಹೋಗಲಿ.

ಅಂಕವನ್ನು ಹೊಸ್ತಿಲಾಗಿ ಇಟ್ಟುಕೊಳ್ಳಿ, ರ‍್ಯಾಂಕ್ ಆಗಿ ಬೇಡ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಶೇ. 60 ಎಂದರೆ 375. ಅಷ್ಟು ಬಂದವರೆಲ್ಲ ಅರ್ಜಿ ಹಾಕಬಹುದು ಎಂದಿರಲಿ. ಆಯ್ಕೆಗೆ 100 ಅಂಕದ ಲೆಕ್ಕ ಹೀಗೆ ಮಾಡಬಹುದು: ಮನೆಯ ಸ್ಥಿತಿಗೆ 50, ಪರೀಕ್ಷೆಯ ಅಂಕಕ್ಕೆ 30, ಕಾಲೇಜಿನ ದೂರಕ್ಕೆ 20. ಮನೆಯ ಸ್ಥಿತಿಯ 50ರಲ್ಲಿ ತಂದೆ ಅಥವಾ ತಾಯಿ ಇಲ್ಲದಿದ್ದರೆ 20, ಕೂಲಿಯೇ ಆಧಾರವಾಗಿದ್ದರೆ 20, ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರು ಯಾರೂ ಇಲ್ಲದಿದ್ದರೆ 10. ಪರೀಕ್ಷೆಯ 30ಕ್ಕೆ, ಪಡೆದ ಅಂಕದಲ್ಲಿ 375 ಕಳೆದು, 250ರಿಂದ ಭಾಗಿಸಿ, 30ರಿಂದ ಗುಣಿಸಿ. 500 ಬಂದವರಿಗೆ 15 ಸಿಗುತ್ತದೆ, 425 ಬಂದವರಿಗೆ 6. ದೂರಕ್ಕೆ, ಸೇರಲಿರುವ ಕಾಲೇಜು 5 ಕಿಲೋಮೀಟರ್ ಒಳಗಿದ್ದರೆ 5, 15ರ ಒಳಗಿದ್ದರೆ 10, ಅದಕ್ಕೂ ಆಚೆ ಅಥವಾ ಹಾಸ್ಟೆಲ್ ಆದರೆ 20. ಗಣಿತದ ಮೇಷ್ಟ್ರ ನೆನಪಿಗಾಗಿ ಇಡುವ ದತ್ತಿಯಾದ್ದರಿಂದ, ಸಮಬಲವಾದಾಗ ಗಣಿತದ ಅಂಕ ನೋಡುವುದು ಸೊಗಸಾದ ನಿಯಮ. ಅಷ್ಟಕ್ಕೇ ಅದರ ಪಾತ್ರ ಮುಗಿಯಲಿ.

2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು. ಇದನ್ನು ಮರೆತು ‘ಎಸ್ಸೆಸ್ಸೆಲ್ಸಿ ಫಲಿತಾಂಶದ ಆಧಾರದಲ್ಲಿ’ ಎಂದಷ್ಟೇ ಬರೆದರೆ ಜಗಳ ಖಚಿತ. ಮರುಮೌಲ್ಯಮಾಪನದಲ್ಲಿ ಅಂಕ ಬದಲಾದಾಗಲೂ ಅಷ್ಟೇ. ಅರ್ಜಿಯ ಕೊನೆಯ ದಿನ ಕೈಯಲ್ಲಿರುವ ಅಂಕಪಟ್ಟಿಯೇ ಲೆಕ್ಕಕ್ಕೆ, ಆಮೇಲೆ ಬದಲಾದರೆ ಆಯ್ಕೆ ತಿದ್ದುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಪರೀಕ್ಷೆ-2ರಲ್ಲಿ ತೇರ್ಗಡೆಯಾದವರನ್ನು ಹೊರಗಿಡಬೇಡಿ. ಒಂದು ವಿಷಯದಲ್ಲಿ ಸೋತು ಮತ್ತೆ ಬರೆದು ಪಾಸಾದ ಮಗು ಓದು ಬಿಡುವ ಅಂಚಿನಲ್ಲಿ ನಿಂತಿರುತ್ತದೆ. ವರ್ಷಕ್ಕೆ ಇಬ್ಬರಿಗೆ ಕೊಡುವುದಾದರೆ ಎರಡನೆಯ ಸ್ಥಾನವನ್ನು ಪರೀಕ್ಷೆ-2ರ ಫಲಿತಾಂಶ ಬರುವವರೆಗೂ ತೆರೆದಿಡುವುದು ನಮ್ಮ ಸಲಹೆ.

ಈಗ ಹಣದ ಲೆಕ್ಕ. 6 ಲಕ್ಷಕ್ಕೆ ಶೇ. 6ರ ಬಡ್ಡಿ ಹಿಡಿದರೆ ವರ್ಷಕ್ಕೆ 36,000. ಅಷ್ಟನ್ನೂ ಹಂಚಿದರೆ ದತ್ತಿ ಸಾಯುತ್ತದೆ, ನಿಧಾನವಾಗಿ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ 14–15 ವರ್ಷದಲ್ಲಿ ಅದೇ 36,000ಕ್ಕೆ ಇಂದಿನ ಅರ್ಧದಷ್ಟು ಮಾತ್ರ ಬರುತ್ತದೆ. ಹಿಂದೆ ಯಾರೋ ಇಟ್ಟ 1,000 ರೂಪಾಯಿಯ ದತ್ತಿಯಿಂದ ಇಂದು ಒಂದು ನೋಟ್‌ಬುಕ್ಕೂ ಒಂದು ಪೆನ್ನೂ ಬರುವ ಶಾಲೆಗಳು ಎಷ್ಟೋ ಇವೆ. ಆದ್ದರಿಂದ ಬಡ್ಡಿಯ ಮೂರನೇ ಒಂದು ಪಾಲನ್ನು, ಅಂದರೆ 12,000 ರೂಪಾಯಿಯನ್ನು, ಪ್ರತಿ ಮಾರ್ಚ್‌ನಲ್ಲಿ ಇಡುಗಂಟಿಗೇ ಸೇರಿಸಿ. ಹಂಚಲು ಉಳಿಯುವುದು 24,000. ಹೀಗೆ ಮಾಡಿದರೆ ಹತ್ತು ವರ್ಷಕ್ಕೆ ಇಡುಗಂಟು ಸುಮಾರು 7.3 ಲಕ್ಷವಾಗಿ, ಹಂಚುವ ಮೊತ್ತ 29,000 ದಾಟುತ್ತದೆ.

ಆಗಲೂ ಅದು ಬೆಲೆ ಏರಿಕೆಗೆ ಪೂರ್ತಿ ಸಾಟಿಯಾಗುವುದಿಲ್ಲ. ಒಮ್ಮೆ ಇಟ್ಟ ಗಂಟನ್ನೇ ನೆಚ್ಚಿ ಕೂರುವುದು ನಮ್ಮ ನಾಡಿನ ಹಳೆಯ ಪದ್ಧತಿಯೂ ಅಲ್ಲ. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಕಾಲದ ವಿದ್ಯಾಶಾಲೆಗೆ ಭೂಮಿ ಬಿಟ್ಟದ್ದರ ಜೊತೆಗೆ, ಊರಿನಲ್ಲಿ ಮದುವೆ, ಉಪನಯನ ಆದಾಗಲೆಲ್ಲ ಇಂತಿಷ್ಟು ನಾಣ್ಯ ಕೊಡಬೇಕೆಂದು 945ರ ಶಾಸನ ಕಟ್ಟಳೆ ಮಾಡಿದೆ. ನಿಮ್ಮ ಮನೆಯಲ್ಲೂ ಹಾಗೆ ಮಾಡಬಹುದು. ತಂದೆಯವರ ತಿಥಿಯ ದಿನ ಮನೆ ಮನೆಯಿಂದ 3,000, ಮಕ್ಕಳ ಮದುವೆಗಳಲ್ಲಿ ಇಷ್ಟು ಎಂದು ಕುಟುಂಬದೊಳಗೆ ಗೊತ್ತುಪಡಿಸಿಕೊಳ್ಳಿ. ತಂದೆಯವರ ಹಳೆಯ ಶಿಷ್ಯರಿಗೂ ಬಾಗಿಲು ತೆರೆದಿಡಿ. ಇಂಥ ದತ್ತಿಗಳನ್ನು ಬೆಳೆಸುವವರು ಎಷ್ಟೋ ಸಲ ಅವರೇ.

24,000ವನ್ನು ಹಂಚುವ ಬಗೆ: ಪ್ರತಿ ವರ್ಷ ಇಬ್ಬರು ಹೊಸಬರು, ಒಬ್ಬೊಬ್ಬರಿಗೆ ಮೊದಲ ವರ್ಷ 7,500, ಎರಡನೇ ವರ್ಷ 4,500. ಸೇರ್ಪಡೆ ಶುಲ್ಕ, ಪುಸ್ತಕ, ಬಟ್ಟೆ ಎಲ್ಲವೂ ಮೊದಲ ವರ್ಷಕ್ಕೇ ಬೀಳುವುದರಿಂದ ಅಲ್ಲಿ ಭಾರ ಹೆಚ್ಚು. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ, ಹುಡುಗರಿಗೆ ಪಾಸಿನ ಖರ್ಚು ಇದೆ. ಮೊತ್ತ ನಿಗದಿ ಮಾಡುವಾಗ ಇದು ನೆನಪಿರಲಿ. ಶುರುವಿನ ವರ್ಷ ಎರಡನೇ ಕಂತಿನವರು ಯಾರೂ ಇರುವುದಿಲ್ಲವಾದ್ದರಿಂದ ಹೋಗುವುದು 15,000 ಮಾತ್ರ. ಉಳಿದ 9,000ವನ್ನು ಮೂರನೆಯವರಿಗೆ ಕೊಟ್ಟುಬಿಡುವ ಆಸೆ ಬರುತ್ತದೆ. ಕೊಡಬೇಡಿ. ಬಡ್ಡಿದರ ಇಳಿದ ವರ್ಷಕ್ಕೆ ಅದೇ ಮೀಸಲು. 2025ರಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು ಶೇ. 6.5ರಿಂದ 5.25ಕ್ಕೆ ಇಳಿಸಿದಾಗ ಠೇವಣಿಯ ಬಡ್ಡಿಯೂ ಜಾರಿತು. ಮೀಸಲಿಲ್ಲದ ದತ್ತಿಗಳು ಇಂಥ ಹೊತ್ತಿನಲ್ಲಿ ಕೊಟ್ಟ ಮಾತು ತಪ್ಪುತ್ತವೆ, ಎರಡನೇ ಕಂತು ನಂಬಿದ್ದ ಮಗುವಿಗೆ.

ಠೇವಣಿಯನ್ನು 2 ಲಕ್ಷದ ಮೂರು ಭಾಗ ಮಾಡಿ, 1, 2, 3 ವರ್ಷದ ಅವಧಿಗೆ ಇಡಿ. ಪ್ರತಿ ವರ್ಷ ಒಂದು ಬಲಿತು ಅಂದಿನ ದರಕ್ಕೆ ಮರಳುತ್ತದೆ, ಎಲ್ಲವೂ ಒಮ್ಮೆಗೇ ಕೆಟ್ಟ ದರಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಠೇವಣಿ ವಿಮೆಯ ಮಿತಿ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷ. ಹಾಗಾಗಿ ಎರಡು ಭಾಗ ಒಂದು ಬ್ಯಾಂಕಿನಲ್ಲಿ, ಇನ್ನೊಂದು ಬೇರೆ ಬ್ಯಾಂಕಿನಲ್ಲಿರಲಿ. ಊರಿನ ಪತ್ತಿನ ಸಹಕಾರ ಸಂಘ ಅಥವಾ ಸೌಹಾರ್ದ ಸಹಕಾರಿ ಶೇಕಡಾ ಎರಡು ಹೆಚ್ಚು ಕೊಡುತ್ತೇವೆ ಎನ್ನಬಹುದು. ಅವುಗಳಲ್ಲಿಟ್ಟ ಹಣಕ್ಕೆ ಈ ವಿಮೆ ಇಲ್ಲ. ದತ್ತಿಯ ಹಣವನ್ನು ಅಲ್ಲಿಡಬೇಡಿ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಬರುವಂತೆ ಮಾಡಿಸಿ. ಏಪ್ರಿಲ್ ಮುಗಿಯುವ ಹೊತ್ತಿಗೆ ಹಂಚುವ ಹಣ ಕೈಯಲ್ಲಿರಬೇಕು.

ಇನ್ನು, ಯಾರ ಹೆಸರಿನಲ್ಲಿ? ಶಾಲೆಯ ಹೆಸರಿನಲ್ಲಿ ಮುಖ್ಯೋಪಾಧ್ಯಾಯರೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರೂ ಜಂಟಿಯಾಗಿ ನಡೆಸುವ ಖಾತೆ ಸುಲಭವೆನಿಸುತ್ತದೆ. ತೊಂದರೆ ಬರುವುದು ಮೂರ್ನಾಲ್ಕು ವರ್ಷದ ಮೇಲೆ. ಮುಖ್ಯೋಪಾಧ್ಯಾಯರು ವರ್ಗವಾಗುತ್ತಾರೆ, ಸಮಿತಿ ಬದಲಾಗುತ್ತದೆ, ಹೊಸಬರ ಸಹಿ ಬ್ಯಾಂಕಿನಲ್ಲಿ ಬದಲಾಗುವುದಿಲ್ಲ, ಕೆವೈಸಿ ಬಾಕಿ ಬೀಳುತ್ತದೆ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಶಾಲೆಯವರು ಕೆಟ್ಟವರೆಂದಲ್ಲ. ಆ ಖಾತೆಯನ್ನು ನೆನಪಿಡುವುದು ಯಾರೊಬ್ಬರ ಕೆಲಸವೂ ಅಲ್ಲ, ಅಷ್ಟೇ.

ಸ್ವಂತ ಟ್ರಸ್ಟ್ ಎಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಣಿ, ಪ್ಯಾನ್, ಆದಾಯ ತೆರಿಗೆ ಇಲಾಖೆಯಲ್ಲಿ 12ಎಬಿ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ) ನೋಂದಣಿ, ದಾನಿಗಳ ವಿವರವನ್ನು ವರ್ಷ ವರ್ಷ ಸಲ್ಲಿಸುವುದು, ನೋಂದಣಿ ನವೀಕರಣ, ಲೆಕ್ಕಿಗರ ಶುಲ್ಕ. ವರ್ಷಕ್ಕೆ 36,000 ಬಡ್ಡಿ ಬರುವ ನಿಧಿಗೆ ಈ ಭಾರ ಹೊರಲಾಗದು. ನಿಧಿ 20–25 ಲಕ್ಷ ದಾಟುವವರೆಗೆ ಟ್ರಸ್ಟಿನ ಯೋಚನೆ ಬೇಡ ಎಂಬುದು ನಮ್ಮ ಅಭಿಪ್ರಾಯ. 80ಜಿ ವಿನಾಯಿತಿಗಾಗಿಯೇ ಟ್ರಸ್ಟ್ ಎಂದುಕೊಂಡಿದ್ದರೆ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಆ ವಿನಾಯಿತಿ ಇಲ್ಲ. ಹಳೆಯ ಪದ್ಧತಿಯಲ್ಲೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಇಲ್ಲ. 2026ರ ಏಪ್ರಿಲ್ 1ರಿಂದ, 2025ರ ಆದಾಯ ತೆರಿಗೆ ಕಾಯ್ದೆಯಡಿ, ಈ ಕಲಂಗಳಿಗೆ ಬೇರೆ ಸಂಖ್ಯೆಗಳು. ಲೆಕ್ಕಿಗರ ಬಳಿ ಹೊಸ ಸಂಖ್ಯೆ ಕೇಳಿಕೊಳ್ಳಿ.

ಪ್ರಯೋಗದ ಎರಡು ವರ್ಷ ಠೇವಣಿ ನಿಮ್ಮ ತಾಯಿಯವರ ಹೆಸರಿನಲ್ಲಿರಬಹುದು, ಅವರು ಹಿರಿಯ ನಾಗರಿಕರಾಗಿದ್ದರೆ. ಸಾಮಾನ್ಯವಾಗಿ ಅರ್ಧ ಶೇಕಡಾ ಬಡ್ಡಿ ಹೆಚ್ಚು ಸಿಗುತ್ತದೆ, ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 1 ಲಕ್ಷದವರೆಗೆ ಮೂಲದಲ್ಲಿ ತೆರಿಗೆ ಮುರಿಯುವುದಿಲ್ಲ. ನಿಮ್ಮನ್ನು ಅಥವಾ ಅಕ್ಕನನ್ನು ಜಂಟಿ ಹೆಸರಾಗಿ ಸೇರಿಸಿ, ಈ ಹಣ ಇಂಥ ಉದ್ದೇಶಕ್ಕೆ ಎಂದು ಮೂವರು ಮಕ್ಕಳೂ ಸಹಿ ಮಾಡಿದ ಕಾಗದ ಇಟ್ಟುಕೊಳ್ಳಿ. ಎರಡು ವರ್ಷ ಮುಗಿದ ಮೇಲೆ, 12ಎಬಿ ಮತ್ತು 80ಜಿ ಈಗಾಗಲೇ ಇರುವ, ತಾಲ್ಲೂಕಿನಲ್ಲೋ ಜಿಲ್ಲೆಯಲ್ಲೋ ಹೆಸರುಳಿಸಿಕೊಂಡ ಒಂದು ಶಿಕ್ಷಣ ಟ್ರಸ್ಟಿಗೆ ಇಡುಗಂಟು ಒಪ್ಪಿಸಿ. ಕೊಡುವಾಗ ‘ಇದು ಕಾರ್ಪಸ್ (ಇಡುಗಂಟಿನ) ದೇಣಿಗೆ’ ಎಂದು ಲಿಖಿತವಾಗಿ ತಿಳಿಸಬೇಕು. ಇಲ್ಲದಿದ್ದರೆ ಅದು ಅವರ ಆ ವರ್ಷದ ಸಾಮಾನ್ಯ ಆದಾಯವಾಗಿ ಖರ್ಚಾಗಬಹುದು. ಒಪ್ಪಂದ ಪತ್ರದಲ್ಲಿ ಪ್ರತ್ಯೇಕ ಠೇವಣಿ, ಪ್ರತ್ಯೇಕ ಲೆಡ್ಜರ್, ಪ್ರತಿ ಏಪ್ರಿಲ್‌ನಲ್ಲಿ ಕುಟುಂಬಕ್ಕೆ ಒಂದು ಪುಟದ ಲೆಕ್ಕ, ಅವರು ನಡೆಸಲಾಗದಿದ್ದರೆ ಅಂಥದ್ದೇ ಇನ್ನೊಂದು ಸಂಸ್ಥೆಗೆ ವರ್ಗಾವಣೆ, ಇಷ್ಟು ಬರಬೇಕು. ಟ್ರಸ್ಟುಗಳು ವರ್ಷದ ಆದಾಯದ ಶೇ. 85ರಷ್ಟನ್ನು ಧರ್ಮಕಾರ್ಯಕ್ಕೆ ಖರ್ಚು ಮಾಡಬೇಕೆಂಬ ನಿಯಮವಿದೆ. ಅದು ಸಂಸ್ಥೆಯ ಒಟ್ಟು ಆದಾಯಕ್ಕೆ ಅನ್ವಯ. ಬಡ್ಡಿಯ ಮೂರನೇ ಒಂದು ಪಾಲನ್ನು ಉಳಿಸುವ ನಿಮ್ಮ ಷರತ್ತು ಅವರ ಲೆಕ್ಕದೊಳಗೆ ಕೂರುತ್ತದೆಯೇ ಎಂದು ಸಹಿಗೆ ಮೊದಲೇ ಅವರ ಲೆಕ್ಕಪರಿಶೋಧಕರನ್ನು ಕೇಳಿ.

ತಮ್ಮನ ಹಣದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಅವರು ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯಾಗಿದ್ದರೆ ಬ್ಯಾಂಕಿನ ಮೂಲಕ ಕಳಿಸಿದ ಸ್ವಂತ ಉಳಿತಾಯ ವಿದೇಶಿ ದೇಣಿಗೆ ಎನಿಸುತ್ತಿರಲಿಲ್ಲ. ಅಮೆರಿಕದ ಪೌರತ್ವ ಪಡೆದ ಮೇಲೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, 2010ರ ವಿದೇಶಿ ದೇಣಿಗೆ ಕಾಯ್ದೆಯಡಿ (ಎಫ್‌ಸಿಆರ್‌ಎ) ಅವರು ವಿದೇಶಿ ಮೂಲವೇ. ಎಫ್‌ಸಿಆರ್‌ಎ ನೋಂದಣಿಯಿಲ್ಲದ ಟ್ರಸ್ಟ್ ಅವರಿಂದ ಡಾಲರ್ ಆಗಲಿ ರೂಪಾಯಿ ಆಗಲಿ ಪಡೆಯುವಂತಿಲ್ಲ. ತಾಯಿಗೆ ಕಳಿಸಿ ತಾಯಿಯಿಂದ ಟ್ರಸ್ಟಿಗೆ ಕೊಡಿಸುವ ದಾರಿಯೂ ಕಾನೂನಿನ ಕಣ್ಣಿಗೆ ಅದೇ. ಅವರ ಪಾಲು ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೆ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅದರ ನಿಗದಿತ ಖಾತೆಗೇ ಹೋಗಬೇಕು. ನೀವು ಇಡುಗಂಟು ಒಪ್ಪಿಸುವ ಸಂಸ್ಥೆಗೇ ಆ ನೋಂದಣಿಯೂ ಇದ್ದರೆ ಮೂವರ ಹಣವೂ ಒಂದೇ ಸಂಸ್ಥೆಯ ಕೈಗೆ ಬರುತ್ತದೆ. ಅಲ್ಲಿಯವರೆಗೆ ತಮ್ಮನಿಗೆ ಕಾಯಲು ಹೇಳಿ.

‘ನಮ್ಮ ಸಮುದಾಯದ ಮಕ್ಕಳಿಗೆ ಮಾತ್ರ’ ಎಂಬ ಸಾಲನ್ನು ಬಂಧುಗಳು ಸೇರಿಸಲು ಹೇಳಬಹುದು. ಬೇಡ. ಒಂದು ಜಾತಿ ಅಥವಾ ಧರ್ಮದವರಿಗಷ್ಟೇ ಎಂದು ಬರೆದ ಸಂಸ್ಥೆಗೆ ಅಥವಾ ನಿಧಿಗೆ ಸಾಮಾನ್ಯವಾಗಿ 80ಜಿ ಸಿಗುವುದಿಲ್ಲ. ಅದಕ್ಕೂ ಮಿಗಿಲಾಗಿ, ನಿಮ್ಮ ತಂದೆ ಪಾಠ ಹೇಳಿದ್ದು ತರಗತಿಯಲ್ಲಿದ್ದ ಎಲ್ಲರಿಗೂ. ಆಯ್ಕೆ ಸಮಿತಿಯಲ್ಲಿರುವವರ ಮಕ್ಕಳು, ಸೋದರ ಸಂಬಂಧಿಗಳ ಮಕ್ಕಳು ಅರ್ಜಿ ಹಾಕುವಂತಿಲ್ಲ ಎಂಬ ಸಾಲು ಮಾತ್ರ ಇರಲೇಬೇಕು.

ಸಮಿತಿಗೆ ಐವರು ಸಾಕು: ಮುಖ್ಯೋಪಾಧ್ಯಾಯರು, ಹತ್ತನೇ ತರಗತಿಯ ಒಬ್ಬ ಶಿಕ್ಷಕರು, ಎಸ್‌ಡಿಎಂಸಿಯ ಒಬ್ಬರು, ಊರಿನ ನಿವೃತ್ತ ಶಿಕ್ಷಕರೊಬ್ಬರು, ನಿಮ್ಮ ಮನೆಯವರೊಬ್ಬರು. ಕುಟುಂಬಕ್ಕೆ ಒಂದೇ ಮತ. ಸಭೆ ಸೇರಿದ ದಿನವೇ ನಡಾವಳಿ ಬರೆದು ಎಲ್ಲರ ಸಹಿ ಹಾಕಿಸಿ, ಪ್ರತಿ ಅರ್ಜಿಗೂ ಬಂದ ಅಂಕ ಅದರಲ್ಲಿರಲಿ. ಮುಂದೆ ಯಾರಾದರೂ ಕೇಳಿದರೆ ತೋರಿಸಲು ಅದೊಂದೇ ಆಧಾರ.

ನಿಯಮಾವಳಿ ಎರಡು ಪುಟ ಮೀರದಿರಲಿ. ಹೆಚ್ಚಿನವರು ಬಿಟ್ಟುಬಿಡುವುದು ಮೂರು ಸಂಗತಿ. ಯಾರೂ ಅರ್ಹರಿಲ್ಲದ ವರ್ಷ ಹಣ ಏನಾಗಬೇಕು? ಇಡುಗಂಟಿಗೆ ಸೇರಬೇಕು. ಮೊತ್ತವನ್ನೂ ಸಂಖ್ಯೆಯನ್ನೂ ಯಾರು ಬದಲಿಸಬಹುದು? ಸಮಿತಿ, ಮೂರನೇ ಎರಡು ಬಹುಮತದಿಂದ, ಆದರೆ ಉದ್ದೇಶವನ್ನಲ್ಲ. ಶಾಲೆಯೇ ಇಲ್ಲವಾದರೆ? ಮಕ್ಕಳ ಸಂಖ್ಯೆ ಇಳಿದು ಶಾಲೆಗಳು ವಿಲೀನವಾಗುತ್ತಿವೆ, ಕರ್ನಾಟಕ ಪಬ್ಲಿಕ್ ಶಾಲೆಯಾಗಿ ಹೆಸರೂ ಬದಲಾಗುತ್ತಿದೆ. ‘ಈ ಶಾಲೆ ಅಥವಾ ಇದು ವಿಲೀನವಾದ ಶಾಲೆ, ಅದೂ ಇಲ್ಲದಿದ್ದರೆ ಈ ಹೋಬಳಿಯ ಸರ್ಕಾರಿ ಪ್ರೌಢಶಾಲೆಗಳು’ ಎಂದು ಬರೆದರೆ ಮುಗಿಯಿತು. ಬರೆಯದೆ ಬಿಟ್ಟರೆ, ಸಾರ್ವಜನಿಕ ಟ್ರಸ್ಟಿನ ಉದ್ದೇಶ ಬದಲಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಬಹುದು. ಒಂದು ಸಾಲಿನ ಉದಾಸೀನಕ್ಕೆ ದೊಡ್ಡ ಬೆಲೆ.

ವೇಳಾಪಟ್ಟಿ: ಫೆಬ್ರವರಿಯಲ್ಲೇ ಹತ್ತನೇ ತರಗತಿಯಲ್ಲಿ ತಿಳಿಸಿ, ಫಲಿತಾಂಶದ ಮೇಲೆ ಮಕ್ಕಳು ಶಾಲೆಯ ಕಡೆ ಬರುವುದು ಕಡಿಮೆ. 2024ರಲ್ಲಿ ಪರೀಕ್ಷೆ-1ರ ಫಲಿತಾಂಶ ಮೇ 9ಕ್ಕೆ, 2025ರಲ್ಲಿ ಮೇ 2ಕ್ಕೆ ಬಂತು. ಬೆನ್ನಿಗೇ ಪಿಯು ದಾಖಲಾತಿ ಶುರು. ಮೇ ಮುಗಿಯುವುದರೊಳಗೆ ಅರ್ಜಿ, ಜೂನ್ 10ರೊಳಗೆ ಆಯ್ಕೆ, 15ರೊಳಗೆ ಹಣ. ತೆರೆದಿಟ್ಟ ಎರಡನೆಯ ಸ್ಥಾನಕ್ಕೆ ಮಾತ್ರ ಇವೆಲ್ಲ ಪರೀಕ್ಷೆ-2ರ ಫಲಿತಾಂಶ ಬಂದ ಮೇಲೆ. ಆಗಸ್ಟ್ 15ರ ವೇದಿಕೆಯಲ್ಲಿ ಚೆಕ್ ಕೊಟ್ಟರೆ ಫೋಟೋ ಬರುತ್ತದೆ, ಆದರೆ ಅಷ್ಟರಲ್ಲಿ ಮಗು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿರುತ್ತದೆ. ದಾಖಲಾತಿ ರಸೀದಿ ತಂದರೆ ಮಾತ್ರ ಹಣ ಎಂದರೆ, ದಾಖಲಾತಿಗೇ ಹಣವಿಲ್ಲದ ಮಗು ಹೊರಗುಳಿಯುತ್ತದೆ. ಆಯ್ಕೆಯಾದ ಕೂಡಲೇ 3,000 ಕೊಟ್ಟು, ರಸೀದಿ ಬಂದ ಮೇಲೆ ಉಳಿದ 4,500 ಹಾಕಿ. ಎರಡನೇ ವರ್ಷದ ಕಂತಿಗೆ ತರಗತಿಯಲ್ಲಿ ಮುಂದುವರಿದಿದ್ದಾರೆ ಎಂಬ ಕಾಲೇಜಿನ ಪತ್ರ ಸಾಕು. ಅಂಕದ ಷರತ್ತು ಬೇಡ.

ಅರ್ಜಿ ಒಂದೇ ಪುಟ. ಜೊತೆಗೆ ಅಂಕಪಟ್ಟಿ, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಇವುಗಳ ಪ್ರತಿ. ಆಧಾರ್ ಪ್ರತಿ ಕೇಳಬೇಡಿ, ಅದು ನಿಮಗೆ ಬೇಕಾಗಿಲ್ಲ. ಹಣ ಖಾತೆಗೆ ನೆಫ್ಟ್ ಮೂಲಕವೇ ಹೋಗಲಿ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ನಡೆಸಬಹುದು, ಸರ್ಕಾರಿ ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ ಹಲವರಿಗೆ ಇರುತ್ತದೆ. ಹಣ ಹಿಂದಿರುಗುವುದು ಬಹುತೇಕ ಎರಡು ಕಾರಣಕ್ಕೆ. ಒಂದು, ಖಾತೆ ನಿಷ್ಕ್ರಿಯವಾಗಿರುವುದು. ಎರಡು, ಹಳೆಯ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ). ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿತು, 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಪಾಸ್‌ಬುಕ್ ಮಾತ್ರ ಹಳೆಯದೇ ಉಳಿದಿರುತ್ತದೆ. ಮೊದಲು 1 ರೂಪಾಯಿ ಹಾಕಿ ನೋಡಿ. ಆಧಾರ್ ಜೋಡಣೆಯಾಗಿಲ್ಲ ಎಂದು ಯಾರಾದರೂ ಹೇಳಿದರೆ, ಅದು ಸರ್ಕಾರದ ನೇರ ವರ್ಗಾವಣೆಗೆ ಬೇಕಾದದ್ದು. ಖಾತೆ ಸಂಖ್ಯೆಗೆ ಕಳಿಸುವ ಹಣಕ್ಕೆ ಬೇಡ. ಚೆಕ್ಕೇ ಕೊಡುವುದಾದರೆ ಪಾಸ್‌ಬುಕ್ಕಿನಲ್ಲಿರುವಂತೆಯೇ ಹೆಸರು ಬರೆಯಿರಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಬ್ಯಾಂಕಿನಲ್ಲಿ ಮುಂದೆ ಇರುವುದು ಸಾಮಾನ್ಯ. ಚೆಕ್ಕಿನ ಆಯಸ್ಸು ಮೂರು ತಿಂಗಳು ಎಂಬುದನ್ನು ಮಕ್ಕಳಿಗೆ ಹೇಳಿ.

ಕಾರ್ಯಕ್ರಮ ಮಾಡಬೇಕೆನಿಸಿದರೆ ಸೆಪ್ಟೆಂಬರ್ 5ರ ಶಿಕ್ಷಕರ ದಿನ ಒಳ್ಳೆಯದು. ಅಷ್ಟರಲ್ಲಿ ಹಣ ತಲುಪಿರುತ್ತದೆ. ನಿಮ್ಮ ತಂದೆ ಏನು ಕಲಿಸಿದರು, ಹೇಗೆ ಕಲಿಸಿದರು ಎಂಬ ಒಂದು ಪುಟವನ್ನು ಪ್ರಮಾಣಪತ್ರದ ಜೊತೆ ಕೊಡಿ. ಮಗುವಿನ ಮನೆಯ ಬಡತನವನ್ನು ಮೈಕಿನಲ್ಲಿ ಹೇಳಬೇಡಿ, ಆಯ್ಕೆಯ ಅಂಕದ ವಿವರವನ್ನು ಫಲಕದಲ್ಲಿ ಹಾಕಬೇಡಿ. ಹದಿನಾರರ ವಯಸ್ಸಿಗೆ ಅದು ತುಂಬ ನೋಯುತ್ತದೆ, ಮುಂದಿನ ವರ್ಷ ಅರ್ಜಿ ಹಾಕಬೇಕಾದವರೂ ಹಿಂಜರಿಯುತ್ತಾರೆ.

ಎಲ್ಲಕ್ಕೂ ಮೊದಲು ಶಾಲೆಯಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ: ಹಿಂದೆ ಯಾರಾದರೂ ಇಟ್ಟ ದತ್ತಿ ಇದೆಯೇ? ದಾಸ್ತಾನು ಪುಸ್ತಕ, ಹಳೆಯ ನಡಾವಳಿ, ಬೀರುವಿನ ಪಾಸ್‌ಬುಕ್‌ಗಳನ್ನು ಮುಖ್ಯೋಪಾಧ್ಯಾಯರ ಜೊತೆ ಕೂತು ನೋಡಿ. ಸಿಕ್ಕರೆ, ಯಾರೂ ಕೇಳದೆ ಉಳಿದ ಠೇವಣಿಗಳನ್ನು ಹುಡುಕಲು ಇರುವ ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿ ಹುಡುಕಿ, ಅಲ್ಲಿ ಕಾಣದಿದ್ದರೆ ಶಾಖೆಯಲ್ಲೇ ವಿಚಾರಿಸಿ. ಜಾಗೃತಿ ನಿಧಿಗೆ ಹೋದ ಹಣವನ್ನೂ ಆ ಬ್ಯಾಂಕಿನ ಮೂಲಕ ಮರಳಿ ಕೇಳಬಹುದು. ಅದಕ್ಕೆ ಎಸ್‌ಡಿಎಂಸಿಯ ನಿರ್ಣಯ, ಈಗ ಸಹಿ ಮಾಡುವವರ ಕೆವೈಸಿ, ಹಳೆಯ ರಸೀದಿ ಅಥವಾ ಪಾಸ್‌ಬುಕ್ಕಿನ ಪ್ರತಿ ಬೇಕಾಗುತ್ತದೆ. ಆ ಹಳೆಯ ದತ್ತಿಯನ್ನೂ ಅದರದೇ ಹೆಸರಿನಲ್ಲಿ, ನಿಮ್ಮ ನಿಯಮಾವಳಿಯ ಪ್ರಕಾರ ನಡೆಸಲು ಅದೇ ಸಮಿತಿಗೆ ಒಪ್ಪಿಸಿದರೆ ವರ್ಷಕ್ಕೆ ಇಬ್ಬರ ಬದಲು ಮೂವರಿಗೆ ಕೊಡಲು ಸಾಧ್ಯವಾಗಬಹುದು.